ಸುಮಾ ಕೂರುತ್ತಿದ್ದ ಜಾಗ

ಕುಂಕುಮ ಮೆತ್ತಿದ ಹಳೆಯ ಸ್ತೋತ್ರದ ಪುಸ್ತಕ ಮೂಸಿದರೆ ಈಗಲೂ ನಾವಾಗ ಇದ್ದ ವಡಪಳನಿಯ ಆ ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ. ಕ್ಯಾನ್ಸರ್ ಔಷಧಿಯಿಂದ ಅಮ್ಮನ ಕಣ್ಣು ಮಂಜಾಗಿತ್ತು, ಬೆರಳುಗಳು ಜೋಮು ಹಿಡಿದಿದ್ದವು. ತಮಿಳು ಶಾಲೆಗೆ ಹೋಗುತ್ತಿದ್ದ ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮೈಸೂರಿನಿಂದ ಬಂದ ಮಹಡಿ ಮನೆಯ ಸುಮಾ ದಿನವೂ ಬಂದು ಅಮ್ಮನಿಗೆ ಸ್ತೋತ್ರ ಓದುತ್ತಿದ್ದಳು. ಅಮ್ಮ ಅವಳ ತಲೆ ನೇವರಿಸುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು.

“ನಂಗೂ ಕಲಿಸಮ್ಮ” ಅಂದರೆ, “ಅಕ್ಷರವೆಲ್ಲ ಇರುವೆ ಹರಿದ ಹಾಗೆ ಕಾಣತ್ತೆ ಕಣೇ, ಹೇಗೆ ಕಲಿಸ್ಲಿ?” ಅಂದಿದ್ದಳು.

ಅಂದು ಸುಮಾ ಬರುವ ಮೊದಲೇ ಅಮ್ಮನ ಪಕ್ಕದ ಅವಳ ಜಾಗದಲ್ಲಿ ಹೋಗಿ ಕುಳಿತೆ.

“ಬಂದ್ಯಾ ಸುಮಾ? ನೀನಿಲ್ದಿದ್ರೆ ನಂಗೆ ದೇವರ ಹೆಸರೂ ಕಿವಿಗೆ ಬೀಳ್ತಿರ್ಲಿಲ್ಲ” ಎನ್ನುತ್ತ ಅಮ್ಮ ನನ್ನ ತಲೆ ನೇವರಿಸಿದಳು.

ನಾನು ತಲೆಯನ್ನು ಇನ್ನಷ್ಟು ಬಾಗಿಸಿದೆ. ಸುಮಾ ಬಾಗಿಲು ತಟ್ಟುವವರೆಗೂ ಆ ಕೈ ನನ್ನ ತಲೆಯ ಮೇಲಿತ್ತು. ದೇವರು ಅಷ್ಟು ಹೊತ್ತು ಕೊಟ್ಟ.