ಚನ್ನಾಜಮ್ಮನ ವಂಶಪರೀಕ್ಷೆ

"ಬಿದ್ದಿದ್ದೋ, ಹುಟ್ಟಿಂದ್ಲೇ ಹಂಗೋ?" ಚನ್ನಾಜಮ್ಮ ಮೂರನೆಯ ಸಲ ಕೇಳಿದರು.

ಟಿ. ನರಸೀಪುರದ ಆ ಮನೆಯಲ್ಲಿ ಹುಡುಗಿಯ ಚಿಕ್ಕಪ್ಪ ಮಹಾದೇವಸ್ವಾಮಿ ಕುಂಟುತ್ತಾ ಬಂದು ನಮಸ್ಕಾರ ಮಾಡಿದ್ದೇ ತಪ್ಪಾಗಿತ್ತು.

"ತೆಂಗಿನ್ ಮರದಿಂದ ಬಿದ್ದೆ ಕಣವ್ವ. ಅತ್ತು ವರ್ಸ ಆಯ್ತು."

"ಯಾರಾದ್ರೂ ನೋಡಿದ್ರಾ?"

"ಮರ ನೋಡ್ತು."

ಚನ್ನಾಜಮ್ಮ ನಗಲಿಲ್ಲ. ಮಗ ಅಮೃತೇಶನಿಗೆ ಹೆಣ್ಣು ನೋಡಲು ಅವರು ನಂಜನಗೂಡಿನಿಂದ ಹೊರಟದ್ದು ಇದು ಆರನೆಯ ಸಲ. ಐದನ್ನೂ ಅವರೇ ಬೇಡವೆಂದಿದ್ದರು. ಒಬ್ಬಳ ಸೋದರತ್ತೆಗೆ ಮೂರ್ಛೆ, ಇನ್ನೊಬ್ಬಳ ತಮ್ಮನಿಗೆ ಮಾಲುಗಣ್ಣು. ಮಠದಲ್ಲಿ ಪ್ರಸಾದಕ್ಕೆ ಕುಳಿತಾಗಲೂ ಪಕ್ಕದವರ ಅಜ್ಜಿ ಯಾವ ಕಾಯಿಲೆಯಿಂದ ಹೋದರೆಂದು ವಿಚಾರಿಸುವ ಜೀವ ಅದು.

ಹುಡುಗಿ ಶಿವರಂಜನಿ ಕಾಫಿ ತಂದಳು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರದ ಕಾಯಿಲೆಯವರಿಗೆ ವ್ಯಾಯಾಮ ಮಾಡಿಸುವ ಕೆಲಸ ಅವಳದು. ಚನ್ನಾಜಮ್ಮ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಕೂತ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ. ಎಂಥ ಅಕ್ಕರೆ ಎಂದುಕೊಂಡರು ಮನೆಯವರು.

"ಆ ಕಾಯಿಲೆಗಳೆಲ್ಲ ವಂಶದಲ್ಲೇ ಬರ್ತವಂತಲ್ಲವ್ವ?"

"ಕೆಲವು ಬರ್ತವೆ ಅಮ್ಮ."

"ನಮ್ಮಲ್ಲಿ ಒಂದೂ ಇಲ್ಲ. ನಮ್ಮಪ್ಪ ದೊಡ್ಡಸಿದ್ದಯ್ಯನೋರು ಕೊನೇವರ್ಗೂ ಗುಂಡುಕಲ್ಲಿನಂಗಿದ್ರು. ಕಣ್ಣಿಗೆ ಪೊರೆ ಬಂದಿದ್ದು ಬಿಟ್ರೆ."

"ಎಷ್ಟನೇ ವಯಸ್ಸಿಗೆ?"

"ಮೂವತ್ತೆಂಟಕ್ಕೆ. ದೀಪದ ಬೆಳಕಲ್ಲಿ ಪುರಾಣ ಓದಿ ಓದಿ."

"ನೀವು ಹೇಗಿದ್ದೀರಾ ಅಮ್ಮ?"

"ನಂಗೇನು ಕಮ್ಮಿ? ಪೂಜೆ ಗಂಟೆ ಹಿಡಿದ್ರೆ ಮಂಗಳಾರತಿ ಆದ್ಮೇಲೂ ಬೆರಳು ಬಿಡಲ್ಲ. ಭಕ್ತಿ ಅಂದ್ರೆ ಹಂಗಿರ್ಬೇಕು."

ಶಿವರಂಜನಿ ಅಮೃತೇಶನತ್ತ ನೋಡಿದಳು. ಇಪ್ಪತ್ತೇಳಕ್ಕೇ ಮುಂದಲೆ ಬೋಳಾಗಿತ್ತು. ರೆಪ್ಪೆ ಜೋತುಬಿದ್ದು, ಲೋಟ ಹಿಡಿದಲ್ಲೇ ತೂಕಡಿಸುತ್ತಿದ್ದ.

"ರಾತ್ರಿ ನಿದ್ದೆ ಆಗಿಲ್ವಾ ಅವರಿಗೆ?"

"ಚೆನ್ನಾಗೇ ಆಗಿದೆ. ಇದು ಧ್ಯಾನ. ತಾತನ ಅಂಶ."

"ತಿಳಿಸ್ತೀವಿ" ಎಂದು ಹೇಳಿ ಹೊರಟರು. ಕಾರು ಸುತ್ತೂರು ದಾಟುವ ಹೊತ್ತಿಗೆ ಚನ್ನಾಜಮ್ಮ ಮಗನನ್ನು ತಿವಿದು ಎಬ್ಬಿಸಿದರು. "ಕುಂಟು ವಂಶ, ಬೇಡ ಅಂತ ಮೆಸೇಜ್ ಹಾಕು."

ಅಮೃತೇಶ ಫೋನ್ ತೆಗೆದ. ಶಿವರಂಜನಿಯ ಮೆಸೇಜೇ ಮೊದಲು ಬಂದಿತ್ತು. ಅವನು ಗಟ್ಟಿಯಾಗಿ ಓದಿದ.

"ಅಮ್ಮ, ಬೇಜಾರು ಮಾಡ್ಕೋಬೇಡಿ. ತಾತನ ಪೊರೆ, ಗಂಟೆ ಬಿಡದ ನಿಮ್ಮ ಬೆರಳು, ಅಮೃತೇಶ್ ಅವರ ನಿದ್ದೆ, ಮೂರೂ ಒಂದೇ ಕಾಯಿಲೆ ಇರಬಹುದು. ಬಲು ಅಪರೂಪದ್ದು. ಒಂದೇ ಮನೇಲಿ ಒಬ್ಬೊಬ್ಬರಿಗೆ ಒಂದೊಂದು ಥರ ಬರುತ್ತೆ, ತಲೆಮಾರು ಇಳಿದಂಗೆ ಜೋರಾಗುತ್ತೆ. ಹೃದಯಕ್ಕೂ ತಟ್ಟಬಹುದು, ಅಮೃತೇಶ್ ಅವರನ್ನ ಬೇಗ ತೋರಿಸಬೇಕು. ಸೋಮವಾರ ಇಬ್ಬರೂ ಬನ್ನಿ, ಡಾಕ್ಟರಿಗೆ ಹೇಳಿದ್ದೀನಿ. ಮದುವೆ ಮಾತು ಆಮೇಲೆ."

"ಕುಂಟನ ಮನೆಯೋಳು ನಮ್ಮ ವಂಶಕ್ಕೆ ಹೆಸರಿಡ್ತಾಳಾ?" ಚನ್ನಾಜಮ್ಮ ಫೋನ್ ಕಿತ್ತುಕೊಂಡು, ಕಿಟಕಿಯಾಚೆ ಎಸೆಯಲು ಜೋರಾಗಿ ತೋಳು ಬೀಸಿದರು.

ಫೋನ್ ಹೋಗಲಿಲ್ಲ, ಐದು ಬೆರಳೂ ಅದನ್ನು ಭಕ್ತಿಯಿಂದ ಹಿಡಿದುಕೊಂಡಿದ್ದವು.