ರಂಗ ಚಿಕ್ಕಪ್ಪನ ಕಾರಿನ ಸದ್ದು

ಈಗಲೂ ಸೀಮೆಎಣ್ಣೆಯ ವಾಸನೆ ಬಂದರೆ ಮೈಲಾಪೂರಿನ ಆ ಮಧ್ಯಾಹ್ನವೇ ಕಣ್ಣಮುಂದೆ ನಿಲ್ಲುತ್ತದೆ. ರಂಗ ಚಿಕ್ಕಪ್ಪ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವರ ಕಾರಿನಲ್ಲಿ ನೆಟ್ಟಗೆ ಉಳಿದದ್ದು ಎಂಜಿನ್ ಒಂದೇ. ಅದರ ಮೇಲ್ಭಾಗದ ಸಿಲಿಂಡರ್ ಹೆಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆಸಿ ಅಪ್ಪ ಮನೆಯ ಮುಂದೆಯೇ ನಮ್ಮ ಪುಟ್ಟ ಕಾರಿಗೆ ಹಾಕಿಸಿದರು.

“ಗಾಡಿಗೆ ಒಳ್ಳೆ ಪಿಕಪ್ ಬರತ್ತೆ. ಅಜ್ಜಿಗೆ ಮಾತ್ರ ಹೇಳ್ಬೇಡ,” ಎಂದರು.

“ಸ್ಟಾರ್ಟ್ ಪಣ್ಣುಂಗ ಸಾರ್,” ಎಂದು ಮೆಕ್ಯಾನಿಕ್ ಬಾನೆಟ್ ಮುಚ್ಚಿದ. ಅಪ್ಪ ಕೀಲಿ ತಿರುಗಿಸಿದರು. ಎಂಜಿನ್ ಥೇಟ್ ಚಿಕ್ಕಪ್ಪನ ಕಾರಿನಂತೆಯೇ ಟಕಟಕ ಎಂದಿತು.

ಒಳಗಿಂದ ಅಜ್ಜಿ ಎರಡು ಲೋಟ ಕಾಫಿ ಹಿಡಿದು ಬಂದರು. ಒಂದನ್ನು ಅಪ್ಪನ ಕೈಗಿತ್ತು, ಇನ್ನೊಂದನ್ನು ಬಾನೆಟ್ಟಿನ ಮೇಲಿಟ್ಟರು.

“ರಂಗಂಗೆ ಆರಿದ ಕಾಫಿ ಸೇರಲ್ಲ, ಬೇಗ ಕುಡಿಯಕ್ಕೆ ಹೇಳು.”

ಅಪ್ಪ ಗಾಬರಿಯಿಂದ ಎಂಜಿನ್ ನಿಲ್ಲಿಸಿದರು. ಬಾನೆಟ್ಟಿನ ಮೇಲಿನ ಲೋಟದಲ್ಲಿ ಕಾಫಿ ಮಾತ್ರ ನಡುಗುತ್ತಲೇ ಇತ್ತು.