ಮರಕ್ಕೆ ಬೆನ್ನು

"ಮದ್ವೆ ಆದಾಗಿಂದ ಇವಳು ನನ್ನ ಬೆನ್ನು ಒತ್ತಿದ್ದೆಲ್ಲಾ ದಂಡ ಕಣ್ರಯ್ಯಾ! ಈ ಮರ ನೋಡಿ, ವಾರದಲ್ಲೇ ನೋವು ಮಾಯ. ಜೊತೆಗೆ ಇದಕ್ಕೆ ಬಾಯಿ ಬೇರೆ ಇಲ್ಲ."

ಚೀನಾದ ಚೆಂಗ್ದು ನಗರದ ಪಾರ್ಕಿನಲ್ಲಿ ಮುದುಕ ಶೂ ದೆಗುವಾಂಗ್ ಹೆಗಲಮೂಳೆಯ ಒಳಅಂಚಿನ ನೋಯುವ ಬಿಂದುವನ್ನು ಮರಕ್ಕೆ ಧಡ್ ಧಡ್ಡೆಂದು ಗುದ್ದುತ್ತಿದ್ದ. ಗುದ್ದಿಗೊಮ್ಮೆ ಹೊಟ್ಟೆ ಕುಲುಕುತ್ತಿತ್ತು. ಗೆಳೆಯರು ನಕ್ಕರು.

ಅವನ ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದ ಹೆಂಡತಿ ಸೂಚಿನ್ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಬೆನ್ನಿನ ಆ ಬಿಂದು ಯಾರಿಗೂ ತಮ್ಮ ಕೈಗೆ ಎಟುಕುವುದಿಲ್ಲ. ಅವನ ಬೆನ್ನನ್ನು ದಿನವೂ ಒತ್ತಿ ಒತ್ತಿ ಈ ಬೆರಳು ಸೊಟ್ಟಗಾಗಿತ್ತು. ಅವಳ ಬೆನ್ನನ್ನು ಮಾತ್ರ ಯಾರೂ ಒತ್ತಿರಲಿಲ್ಲ.

ಫ್ಲಾಸ್ಕನ್ನು ಅವನ ಕೈಗೆ ತುರುಕಿದಳು. "ಸಾಕು, ಆ ಕಡೆ ಸರ್ಕೋ."

"ಯಾಕೆ?"

ಸೂಚಿನ್ ಮರಕ್ಕೆ ಬೆನ್ನು ಕೊಟ್ಟು ಗುದ್ದಿದಳು. ಮೊದಲ ಗುದ್ದಿಗೇ ಕಣ್ಣುಗಳು ಹಾಯಾಗಿ ಮುಚ್ಚಿಕೊಂಡವು. "ನಿಜ ಕಣಯ್ಯಾ, ಕಟ್ಕೊಂಡ ಗಂಡನಿಗಿಂತ ಮರಾನೇ ವಾಸಿ. ಇದು ಇನ್ಮೇಲೆ ನಂದು. ನಿಂಗೆ ಬೇರೆ ನೋಡ್ಕೋ."